ಇಬ್ಬರಿಗೆ ನಾಲ್ಕು ರೊಟ್ಟಿ

"ಒಂದ ಹೊತ್ತಿಗೆ ಎಷ್ಟ ರೊಟ್ಟಿ ಉಣ್ತೀರಿ ದೊಡ್ಡವ್ವಾ?"

ಹಿತ್ತಲಿನ ಒಗೆಯುವ ಕಲ್ಲಿನ ಪಕ್ಕ, ನನ್ನಿಂದ ಎರಡು ಮಾರು ದೂರ ನಿಂತು ಆಶಾ ಕಾರ್ಯಕರ್ತೆ ಸುನಿತಾ ಹೀಗೆ ಕೇಳಿದಾಗ ನನಗೆ ನಗು ಬಂತು. ಮೈಯಲ್ಲಿ ನೂರೆರಡು ಜ್ವರವಿತ್ತು, ಆದರೂ ಬಂತು. ಐವತ್ತೆರಡು ವರ್ಷದಲ್ಲಿ ಒಬ್ಬರೂ ನನಗೆ ಕೇಳದ ಪ್ರಶ್ನೆ ಅದು. ಯರಗುಪ್ಪಿಯ ನಮ್ಮ ಮನೆಯಲ್ಲಿ ಯಾರಿಗೆ ಎಷ್ಟು ಬೇಕು ಎಂಬುದು ನನಗೆ ಬಾಯಿಪಾಠ. ನನ್ನ ಗಂಡ ಈರಪ್ಪನಿಗೆ ಮೂರು, ಮೈದುನನಿಗೆ ಮೂರೂವರೆ, ಮಗ ಗೌರೀಶನಿಗೆ ಹೊಲದ ಕೆಲಸವಿದ್ದ ದಿನ ನಾಲ್ಕು, ಇಲ್ಲದ ದಿನ ಎರಡು. ಎಮ್ಮೆಗೆ ಎಷ್ಟು ಹಿಂಡಿ ಬೇಕು ಎಂಬುದೂ ಗೊತ್ತು. ನನ್ನದೊಂದೇ ಗೊತ್ತಿರಲಿಲ್ಲ.

ಗೊತ್ತಿಲ್ಲ ಎಂದು ಒಪ್ಪಿಕೊಳ್ಳುವ ಹೆಂಗಸಲ್ಲ ನಾನು. "ಎರಡವಾ, ಎರಡ," ಎಂದೆ. ಅವಳು ವಹಿಯಲ್ಲಿ ಬರೆದುಕೊಂಡಳು. ನಾನು ಸುಳ್ಳು ಹೇಳಲಿಲ್ಲ. ನಾಲ್ಕನ್ನು ಇಬ್ಬರಿಗೆ ಹಂಚಿ ಹೇಳಿದೆ, ಅಷ್ಟೇ.

ಆ ನಾಲ್ಕು ರೊಟ್ಟಿಯ ಕಥೆ ಹೇಳದಿದ್ದರೆ ನಿಮಗೆ ತಿಳಿಯುವುದಿಲ್ಲ. ನನ್ನ ಮೈದುನನ ಹೆಂಡತಿ ಮಹಾನಂದಾ ಮತ್ತು ನಾನು ಮೂವತ್ತೆರಡು ವರ್ಷದಿಂದ ಒಂದೇ ಗಂಗಾಳದಲ್ಲಿ ಉಂಡವರು. ಅಂಚು ಎತ್ತರವಿರುವ ಅಗಲವಾದ ಹಿತ್ತಾಳೆ ತಾಟು ಅದು. ಅವಳು ತವರೂರಾದ ತಂಬೂರದಿಂದ ಈ ಮನೆಗೆ ಸೊಸೆಯಾಗಿ ಬಂದ ಮರುದಿನ, ಗಂಡಸರೆಲ್ಲ ಉಂಡು ಎದ್ದ ಮೇಲೆ, ನಮ್ಮ ಅತ್ತೆ ಬಸಕ್ಕ ಆ ಗಂಗಾಳವನ್ನು ನಮ್ಮಿಬ್ಬರ ನಡುವೆ ಇಟ್ಟು ನಾಲ್ಕು ರೊಟ್ಟಿ ಹಾಕಿದಳು. "ನೆಗೆಣ್ಣ್ಯಾರು ಒಂದ ಗಂಗಾಳದಾಗ ಉಂಡ್ರ ಮನಿ ಒಡಿಯಂಗಿಲ್ಲ" ಎಂದಳು. ಮನೆ ಒಡೆಯಲಿಲ್ಲ. ಅತ್ತೆ ತೀರಿಕೊಂಡು ಹದಿನೆಂಟು ವರ್ಷವಾಯಿತು. ಎರೆಭೂಮಿ ನಮಗೆ ಜೋಳಕ್ಕೆ ಎಂದೂ ಕಡಿಮೆ ಮಾಡಿಲ್ಲ. ಮನಸ್ಸು ಮಾಡಿದ್ದರೆ ಎಂಟು ಹಾಕಿಕೊಳ್ಳಬಹುದಿತ್ತು. ಆದರೆ ಅತ್ತೆಯ ಕೈ ಹೋದ ಮೇಲೂ ಅತ್ತೆಯ ಎಣಿಕೆ ಉಳಿಯಿತು. ಬುಟ್ಟಿಯಿಂದ ತೆಗೆದರೆ ನಾಲ್ಕೇ.

ಉಣ್ಣುವಾಗ ನಾನು ಮಾತಾಡುತ್ತೇನೆ, ಅವಳು ಕೇಳುತ್ತಾಳೆ. ಯಾರ ಮನೆಯ ಎಮ್ಮೆ ಈಯಿತು, ಯಾರ ಸೊಸೆ ತವರಿಗೆ ಹೋಗಿ ಬರಲೊಲ್ಲಳು, ನನ್ನ ಗಂಡ ಯಾವ ಮಾತಿಗೆ ಹೇಗೆ ಮೋರೆ ತಿರುಗಿಸಿದ, ಎಲ್ಲವೂ ಆ ಗಂಗಾಳದ ಮೇಲೆ ಹಾದು ಹೋಗಬೇಕು. ಮಾತು ಒಂದು ದಂಡೆಗೆ ಬರುವ ಹೊತ್ತಿಗೆ ಅವಳು "ನನಗ ಸಾಕಬೇ ಅಕ್ಕಾ" ಎನ್ನುತ್ತಿದ್ದಳು. ಉಳಿದದ್ದನ್ನು ನಾನು ಮುಗಿಸುತ್ತಿದ್ದೆ. ನಾವು ಲಿಂಗ ಕಟ್ಟಿದವರು, ತಾಟಿನಲ್ಲಿ ಬಿದ್ದದ್ದು ಪ್ರಸಾದ, ಅದನ್ನು ಬಿಟ್ಟು ಏಳುವಂತಿಲ್ಲ. ಆಮೇಲೆ ಗಂಗಾಳ ತೊಳೆದು ಆ ನೀರನ್ನು ಕುಡಿಯುತ್ತಿದ್ದೆವು, ಅರ್ಧ ಅವಳು, ಅರ್ಧ ನಾನು.

ನಾನು ದಪ್ಪ, ಅವಳು ಕಡ್ಡಿ. ನೀರು ಕುಡಿದರೂ ನನಗೆ ಮೈ ಬರುತ್ತದೆ, ಎಷ್ಟು ಉಂಡರೂ ಅವಳ ಮೈಗೆ ಹತ್ತುವುದಿಲ್ಲ ಎಂದು ಊರ ತುಂಬ ಹೇಳಿಕೊಂಡು ತಿರುಗಿದವಳೂ ನಾನೇ.

ಆ ವರ್ಷ ಬೇಸಿಗೆಯಲ್ಲಿ ರೋಗ ಎರಡನೇ ಸಲ ಬಂದಾಗ ಊರು ಬಾಯಿ ಮುಚ್ಚಿಕೊಂಡು ಕುಳಿತಿತ್ತು. ಕುಂದಗೋಳದ ಬಸ್ಸು ನಿಂತಿತ್ತು. ದಿನಕ್ಕೊಂದು ಸಾವಿನ ಸುದ್ದಿ ಬರುತ್ತಿತ್ತು, ಮಣ್ಣಿಗೆ ಹೋಗುವವರು ಮಾತ್ರ ನಾಲ್ಕೇ ಮಂದಿ. ನನಗೆ ಜ್ವರ ಬಂದು ಮೂರನೇ ದಿನ, ಮೂಗಿನ ಪರೀಕ್ಷೆಯ ಫಲ ಮಗನ ಮೊಬೈಲಿಗೆ ಬಂತು. ಮನೆಯವರಿಗೆಲ್ಲ ಪರೀಕ್ಷೆ ಮಾಡಿಸಿದರು. ಹಿಂದಿನ ರಾತ್ರಿಯವರೆಗೂ ನನ್ನ ಜೊತೆ ಒಂದೇ ತಾಟಿನಲ್ಲಿ ಉಂಡ ಮಹಾನಂದಾಳಿಗೆ ಏನೂ ಇರಲಿಲ್ಲ. ದೇವರು ಇದ್ದಾನೆ ಎಂದು ನಾನು ಆ ದಿನ ನಂಬಿದೆ. ಅವಳಿಗೆ ಮೊದಲೇ ದಮ್ಮು. ಈ ರೋಗ ಬಂದರೆ ಎದೆ ತಡೆಯಲಿಕ್ಕಿಲ್ಲ, ಖೋಲಿಯ ಹತ್ತಿರ ಸುಳಿಯಲೇಬಾರದು ಎಂದು ಸುನಿತಾ ಬೆರಳು ತೋರಿಸಿ ಹೇಳಿದಳು.

ಅಡುಗೆಮನೆಗೆ ಹತ್ತಿದ ಕಾಳಿನ ಖೋಲಿ ನನ್ನ ಪಾಲಿಗೆ ಬಂತು. ಕಡಲೆ ಚೀಲಗಳನ್ನು ಒಂದು ಮೂಲೆಗೆ ಒಟ್ಟಿ ಮಲಗಲು ಹೊರಸು ಹಾಕಿದರು. ಬಾಗಿಲು ಹಿತ್ತಲಿಗೆ. ಅಡುಗೆಮನೆಯ ಕಡೆ ಎರಡು ಮೊಳ ದಪ್ಪದ ಮಣ್ಣಿನ ಗೋಡೆ, ಅದರ ನೆತ್ತಿಯಲ್ಲಿ ಹೊಗೆ ಹೋಗಲಿಕ್ಕೆ ಬಿಟ್ಟ ಒಂದು ಕಿಂಡಿ. ಮೊದಲ ದಿನ ಆ ಕಿಂಡಿಗೆ ಮುಖ ಮಾಡಿ "ಮಹಾನಂದಾ!" ಎಂದು ಕೂಗಿದೆ. ಅವಳೂ ಅಲ್ಲಿಂದ "ಅಕ್ಕಾ!" ಎಂದು ಕೂಗಿದಳು. ಕೂಗಿದ ಬೆನ್ನಿಗೇ ಕೆಮ್ಮು ಹತ್ತಿತು. ಒಂದು ತಾಸು ಬಿಡಲಿಲ್ಲ. ಆಮೇಲೆ ನಾನು ಕೂಗಲಿಲ್ಲ. ಮೊಬೈಲಿನಲ್ಲಿ ಮಾತಾಡು ಎಂದರೆ ಅವಳದು ಒಂದೇ ಪಾಠ: "ಹಲೋ, ಹೂಂ, ಆರಾಮ, ಇಡ್ತೇನಿ." ಅಂಥವಳ ಜೊತೆ ಯಂತ್ರದಲ್ಲಿ ಎಷ್ಟು ಮಾತಾಡಬಹುದು?

ಸುನಿತಾ ಒಂದು ಕಾಗದ ಕೊಟ್ಟಿದ್ದಳು. ಏನು ತಿನ್ನಬೇಕು, ಏನು ಬಿಡಬೇಕು ಎಂದು ಅಚ್ಚಾಗಿತ್ತು. ಮೊಳಕೆ ಕಾಳು, ಬೇಳೆ, ಸೊಪ್ಪು, ಹಣ್ಣು, ದಿನಕ್ಕೆ ಎಂಟು ಲೋಟ ಬಿಸಿನೀರು. ಕರಿದದ್ದು ಬೇಡ. ಮೊಟ್ಟೆ ಎಂಬ ಸಾಲನ್ನು ನಮ್ಮ ಮನೆ ನೋಡಿ ಅವಳೇ ಪೆನ್ನಿನಿಂದ ಹೊಡೆದು, ಮೇಲೆ "ಶೇಂಗಾ" ಎಂದು ಬರೆದಿದ್ದಳು. ಕಾಗದ ಅಡುಗೆಮನೆಗೆ ಹೋಯಿತು. ಅದರಲ್ಲಿದ್ದುದು ಒಂದೂ ಬಿಡದಂತೆ ಮಹಾನಂದಾ ಮಾಡಿ ಕಳಿಸುತ್ತಿದ್ದಳು. ಮಡಿಕೆ ಕಾಳಿನ ಉಸುಳಿ, ಮೆಂತೆ ಪಲ್ಯ, ತೆಳ್ಳಗಿನ ಹೆಸರುಬೇಳೆ ಸಾರು, ಅಗಸಿ ಚಟ್ನಿ, ಮಜ್ಜಿಗೆ, ಮತ್ತು ಹಂಚಿನಿಂದ ಆಗಷ್ಟೇ ಇಳಿದ ಎರಡು ಬಿಸಿ ರೊಟ್ಟಿ. ನನ್ನ ಸೊಸೆ ಸುಧಾರಾಣಿ ಮುಖಕ್ಕೆ ಸೆರಗು ಬಿಗಿದು ತಂದು ಹೊಸ್ತಿಲ ಆಚೆ ಇಟ್ಟು, ಹಿಂದೆ ಸರಿದು, "ಅತ್ತೀ, ತಾಟ ಇಟ್ಟೀನ್ರಿ" ಎನ್ನುವಳು.

ಬಿಸಿ ರೊಟ್ಟಿ! ನಮಗೆ ಹೆಂಗಸರಿಗೆ ಅದು ಎಲ್ಲಿ ಸಿಗಬೇಕು? ಬಡಿಯುವವರು ನಾವು, ಬಿಸಿಯದು ಪಡಸಾಲೆಗೆ. ನಾವು ಕೂರುವ ಹೊತ್ತಿಗೆ ಬುಟ್ಟಿಯ ಖಡಕ್ ರೊಟ್ಟಿಯೇ ಗತಿ. ಈಗ ರೋಗದ ಪುಣ್ಯದಿಂದ ಆವಿ ಆಡುವ ರೊಟ್ಟಿ ನನ್ನ ಮುಂದೆ ಬಂತು, ಆದರೆ ನನಗೆ ಇಳಿಯಲೊಲ್ಲದು. ಜ್ವರದಿಂದ ಬಾಯಿ ಕೆಟ್ಟಿದೆ ಎಂದು ಎಲ್ಲರೂ ಅಂದರು. ಬಾಯಿ ಕೆಟ್ಟದ್ದೂ ನಿಜ. ಅದಕ್ಕಿಂತ ಹೆಚ್ಚಿನದು ಬೇರೆ ಇತ್ತು. ನಾನು ಹುಟ್ಟಿದ ಮೇಲೆ ಒಬ್ಬಳೇ ಕೂತು ಉಂಡವಳೇ ಅಲ್ಲ. ತವರಲ್ಲಿ ಮೂವರು ಅಕ್ಕತಂಗಿಯರು ಒಂದೇ ತಾಟಿಗೆ ಕೈ ಹಾಕುತ್ತಿದ್ದೆವು. ಇಲ್ಲಿ ಮಹಾನಂದಾ. ಈಗ ಸ್ಟೀಲಿನ ಸಣ್ಣ ತಾಟು ತೊಡೆಯ ಮೇಲಿಟ್ಟುಕೊಂಡು, ಕಡಲೆ ಚೀಲಗಳ ಮುಖ ನೋಡುತ್ತ ತುತ್ತು ಕಟ್ಟಿದರೆ ಅದು ಗಂಟಲಲ್ಲೇ ನಿಲ್ಲುತ್ತಿತ್ತು. ಮಾತಿಲ್ಲದೆ ಹೇಗೆ ನುಂಗುವುದು ಎಂದೇ ನನಗೆ ತಿಳಿಯಲಿಲ್ಲ.

ಒಂದು ನಾಚಿಕೆಯ ಸಂಗತಿ ಹೇಳಿಬಿಡುತ್ತೇನೆ. ಆ ಸಣ್ಣ ತಾಟಿನಲ್ಲೂ ನಾನು ನನ್ನ ಬದಿಯಲ್ಲಷ್ಟೇ ಉಣ್ಣುತ್ತಿದ್ದೆ. ಆಚೆ ಬದಿಯ ಪಲ್ಯಕ್ಕೆ ಕೈ ಹೋಗುತ್ತಿರಲಿಲ್ಲ. ಎರಡನೇ ದಿನ ಅದನ್ನು ಕಂಡುಕೊಂಡು ತಾಟನ್ನು ಒಂದು ಸುತ್ತು ತಿರುಗಿಸಿದೆ, ಆಮೇಲೆ ಬಿಕ್ಕಿ ಬಿಕ್ಕಿ ಅತ್ತೆ. ನನ್ನ ಸೊಸೆ ಹೊರಗಿನಿಂದ "ಉಸರ ಹಿಡ್ಯಾಕತ್ತೇತೇನ್ರಿ ಅತ್ತೀ?" ಎಂದು ಗಾಬರಿಯಾಗಿ ಕೇಳಿದಳು. "ಮೆಣಸಿನಕಾಯಿ ನೆತ್ತಿಗೇರಿತವಾ" ಎಂದೆ.

ಆಗ ನನಗೆ ಇದ್ದ ಆಸೆ ಒಂದೇ. ಹದಿನಾಲ್ಕು ದಿನ ಮುಗಿಯಬೇಕು, ಆ ಗಂಗಾಳದ ಮುಂದೆ ಅವಳ ಎದುರು ಕೂರಬೇಕು. ಬದುಕಬೇಕು ಎನ್ನುವುದಕ್ಕೆ ನನ್ನ ಬಳಿ ಇದ್ದ ಅರ್ಥ ಅಷ್ಟೇ. ಗಂಡ ದಿನಕ್ಕೊಮ್ಮೆ ಹಿತ್ತಲ ಬೇವಿನ ಗಿಡದ ಹತ್ತಿರ ನಿಂತು "ಹೆಂಗೈತಿ?" ಎಂದು ಕೇಳಿ, ನಾನು ಹೇಳುವುದರೊಳಗೆ ಹೋಗಿಬಿಡುತ್ತಿದ್ದ. ಅವನದು ಪ್ರೀತಿಯೇ, ಆದರೆ ಬಾಯಿಲ್ಲದ ಪ್ರೀತಿ.

ಆರನೇ ದಿನಕ್ಕೆ ಜ್ವರ ಬಿಟ್ಟಿತು. ಏಳನೇ ದಿನ ಹಸಿವು ಬಂತು. ಎಂಥ ಹಸಿವು! ಎರಡು ರೊಟ್ಟಿ ಉಂಡು, ತಾಟು ತೊಳೆದು ಕುಡಿದರೂ ಹೊಟ್ಟೆ ಬಾಯಿ ಬಿಡುತ್ತಲೇ ಇತ್ತು. ಎರಡು ನನ್ನ ಊಟ, ವಹಿಯಲ್ಲೇ ಬರೆದಿದೆ, ಹಾಗಿದ್ದರೆ ಸಾಲುವುದಿಲ್ಲ ಏಕೆ? ನನ್ನ ತಪ್ಪು ಎಂದು ನಾನು ಯಾವಾಗ ಒಪ್ಪಿಕೊಂಡಿದ್ದೇನೆ? ಕುಣಿಯಲಾರದವಳಿಗೆ ನೆಲ ಡೊಂಕು. ರೊಟ್ಟಿಯ ಮೇಲೆ ಹಾಕಿದೆ.

"ನಿಮ್ಮ ಸಣ್ಣತ್ತಿಗೆ ಹೇಳು, ರೊಟ್ಟಿ ಸಣ್ಣ ಮಾಡಾಕತ್ಯಾಳ," ಎಂದೆ ಸುಧಾರಾಣಿಗೆ. "ರೋಗದಾಕಿಗೆ ಯಾಕ ದೊಡ್ಡದಂತ ಅನಿಸಿರಬೇಕು."

"ಅಯ್ಯ ಇಲ್ರಿ ಅತ್ತೀ. ಅದ ಹಂಚ, ಅದ ಕೈ. ಎಲ್ಲಾರಿಗೂ ಹಂಗ ಮಾಡ್ತಾರ."

"ನನಗ ಕಣ್ಣಿಲ್ಲೇನ? ಹೋಗಿ ಹೇಳು."

ಅವಳು ಹೋಗಿ ಹೇಳಿದಳು. ಆ ರಾತ್ರಿಯಿಂದ ತಾಟಿನಲ್ಲಿ ಮೂರು ರೊಟ್ಟಿ ಬಂದವು. ಮೂರನ್ನೂ ಉಂಡೆ. ಮರುದಿನ ಸುನಿತಾ ಬೆರಳಿಗೆ ಹಾಕುವ ಯಂತ್ರವನ್ನು ಕಲ್ಲಿನ ಮೇಲೆ ಇಟ್ಟು ದೂರ ನಿಂತಳು. ಅದನ್ನು ಹಾಕಿಕೊಂಡೆ. ತೊಂಬತ್ತಾರು ಬಂತು. ಎಷ್ಟು ರೊಟ್ಟಿ ಎಂದು ಕೇಳಿದಳು. ಮೂರು ಎಂದೆ.

"ಛಲೋ ಆತ್ರಿ! ಮದ್ಲ ಎರಡ ಇತ್ತು, ಈಗ ಮೂರ ಆಗೇತಿ. ರೋಗ ಹೋತಂತ ತಿಳೀರಿ," ಎಂದು ಖುಷಿಯಿಂದ ಬರೆದುಕೊಂಡಳು. ನಾನೂ ಖುಷಿಪಟ್ಟೆ.

ಒಂಬತ್ತನೇ ದಿನ ಬಸವ ಜಯಂತಿ. ಕಾಗದದಲ್ಲಿ ಹೋಳಿಗೆ ಇರಲಿಲ್ಲ, ಆದರೂ ತಾಟಿನ ಅಂಚಿನಲ್ಲಿ ಎರಡು ಬಂದಿದ್ದವು, ತುಪ್ಪ ಕಂಡೂ ಕಾಣದಷ್ಟು. ಹಬ್ಬದ ದಿನ ನಾವಿಬ್ಬರೂ ಒಂದು ಹೋಳಿಗೆಯನ್ನು ಎರಡು ಕಡೆಯಿಂದ ಹಿಡಿದು ಹರಿದುಕೊಳ್ಳುವುದು ರೂಢಿ. ನನ್ನ ಕೈ ಒಂದು ಕಡೆ ಹಿಡಿದು ಸುಮ್ಮನೆ ನಿಂತಿತು. ಅವಳೂ ಅಲ್ಲಿ ಹೀಗೇ ಕುಳಿತಿರಬೇಕು, ತುತ್ತು ಇಳಿಯದೆ, ಎಂದುಕೊಂಡೆ.

"ಮಹಾನಂದಾ ಉಂಡ್ಳೇನ?" ಎಂದು ಸೊಸೆಯನ್ನು ಕೇಳಿದೆ. "ಒಬ್ಬಾಕೀನ ಕುಂದರ್ತಾಳೇನ? ಆಕೀಗೆ ಸೇರಲಿಕ್ಕಿಲ್ಲ ಅಲ್ಲಾ?"

"ಮದಲ ಎರಡ ದಿನ ಸೇರಲಿಲ್ರಿ, ಬರೇ ಅಳತಿದ್ರು. ಈಗ ಅವರ ಚಿಂತಿ ಬಿಡ್ರಿ. ನನ್ನ ಬಾಜೂ ಬ್ಯಾರೆ ತಾಟ ತಗೊಂಡ ಕುಂದರ್ತಾರ. ಮೂರ ರೊಟ್ಟಿ ಉಣ್ತಾರ್ರಿ, ನಿನ್ನಿ ಮೂರರ ಮ್ಯಾಲ ಅರ್ಧ!" ಸುಧಾರಾಣಿಗೆ ನನ್ನನ್ನು ಸಮಾಧಾನ ಮಾಡುವ ಉಮೇದಿ. "ಮಾರಿ ಮ್ಯಾಲ ಕಳೆ ಬಂದೈತ್ರಿ ಸಣ್ಣತ್ತೀಗೆ. ದಮ್ಮೂ ಕಮ್ಮಿ ಆಗೇತಿ."

ಅತ್ತದ್ದು ನನ್ನ ಕಿವಿಗೆ ಬೀಳಲೇ ಇಲ್ಲ. ಮೂರೂವರೆ ಬಿತ್ತು. ಮೈಯೆಲ್ಲ ಉರಿದುಹೋಯಿತು. ನಾನು ಇಲ್ಲಿ ತಾಟು ತಿರುಗಿಸಿ ತಿರುಗಿಸಿ ಅಳುತ್ತಿದ್ದೇನೆ, ಅವಳು ಅಲ್ಲಿ ಮೂರೂವರೆ ರೊಟ್ಟಿ ಬಾರಿಸುತ್ತಿದ್ದಾಳೆ! ನಾನು ಎದುರಿಗಿದ್ದಾಗ ಹಕ್ಕಿಯ ಹೊಟ್ಟೆ, ನಾನು ಮರೆಯಾದ ಕೂಡಲೇ ಮುಖಕ್ಕೆ ಕಳೆ! ಹೋಳಿಗೆಯನ್ನು ತಿರುಗಿ ಕಳಿಸಬೇಕೆಂದರೆ ಅದಕ್ಕೂ ದಾರಿಯಿಲ್ಲ. ರೋಗದ ಖೋಲಿಗೆ ಬಂದದ್ದು ಮರಳಿ ಅಡುಗೆಮನೆಗೆ ಹೋಗುವಂತಿರಲಿಲ್ಲ. ಸಿಟ್ಟು ತೋರಿಸಲೂ ಎದುರಿಗೆ ಒಬ್ಬರು ಬೇಕು. ಕೊನೆಗೆ ಸಿಟ್ಟಿನಲ್ಲೇ ಎರಡೂ ಹೋಳಿಗೆ ತಿಂದೆ.

ಮಧ್ಯಾಹ್ನವೆಲ್ಲ ಹೊರಸಿನ ಮೇಲೆ ಹೊರಳಾಡಿ ಮೂವತ್ತೆರಡು ವರ್ಷದ ಹಳೆಯ ಪುರಾಣ ತೆಗೆದೆ. ಅವಳು ನನ್ನ ಹಸಿರು ಸೀರೆ ಉಟ್ಟು ತಂಬೂರಕ್ಕೆ ಹೋಗಿ ಸೆರಗು ಸುಟ್ಟುಕೊಂಡು ಬಂದದ್ದು. ಅತ್ತೆ ಸಾಯುವಾಗ ನೀರು ಬಿಡು ಎಂದು ಅವಳ ಹೆಸರು ಹಿಡಿದದ್ದು, ನನ್ನದಲ್ಲ. ಎಷ್ಟು ಹುಡುಕಿದರೂ ಎರಡೇ ಸಿಕ್ಕವು. ಅಷ್ಟು ವರ್ಷದಲ್ಲಿ ಬೈಯಲು ಎರಡೇ ಎರಡು ಕಾರಣ ಕೊಟ್ಟವಳ ಮೇಲೆ ಇನ್ನೂ ಸಿಟ್ಟು ಬಂತು.

ಮರುದಿನದ ಊಟ ಬಂತು. ಮೂರು ರೊಟ್ಟಿ, ರಾಜಗಿರಿ ಪಲ್ಯ, ಕಾಳು. ಸಿಟ್ಟು ಇಳಿದಿರಲಿಲ್ಲ, ಆದರೆ ಹಸಿವಿಗೆ ಸಿಟ್ಟು ಗೊತ್ತಿಲ್ಲ. ಮೂರನೇ ರೊಟ್ಟಿಯ ಕೊನೆಯ ತುತ್ತಿಗೆ ಹೊಟ್ಟೆ ತುಂಬಿತು. ಆ ತುಂಬಿದ ಹೊಟ್ಟೆ ನನಗೆ ಚೆನ್ನಾಗಿ ಗೊತ್ತಿತ್ತು. ರೋಗ ಕೊಟ್ಟ ಹೊಸ ಹಸಿವೇನೂ ಆಗಿರಲಿಲ್ಲ ಅದು. ದಿನಾ ಗಂಗಾಳ ತೊಳೆದು ಏಳುವಾಗ ನನಗೆ ಇಷ್ಟೇ ತುಂಬಿರುತ್ತಿತ್ತು. ಇಷ್ಟೇ, ಒಂದು ತುತ್ತು ಹೆಚ್ಚಿಲ್ಲ, ಒಂದು ತುತ್ತು ಕಡಿಮೆಯಿಲ್ಲ.

ನಾಲ್ಕನೇ ಇಯತ್ತೆಯವರೆಗೆ ಕಲಿತವಳು ನಾನು. ನಾಲ್ಕರಲ್ಲಿ ಮೂರು ಹೋದರೆ ಎಷ್ಟು ಎಂಬುದಕ್ಕೆ ಅಷ್ಟು ಸಾಕು.

ಕೈ ತೊಳೆಯದೆ ಹಾಗೇ ಕುಳಿತೆ. ಒಂದೊಂದೇ ಕಣ್ಣ ಮುಂದೆ ಬಂದು ನಿಂತವು. ನಾನು ಮಾತಾಡುತ್ತಿದ್ದಾಗ ಅವಳ ಕೈ ತಾಟಿನ ಅಂಚಿನಲ್ಲಿ ಸುಮ್ಮನೆ ಇರುತ್ತಿದ್ದುದು. ಕಾಳುಪಲ್ಯವನ್ನು ಬೆರಳಿನಿಂದ ನನ್ನ ಬದಿಗೆ ಸರಿಸುತ್ತಿದ್ದುದು. "ನನಗ ಸಾಕಬೇ ಅಕ್ಕಾ." ಪ್ರತಿ ಸಲ ತಂಬೂರದಿಂದ ಬಂದಾಗ ಅವಳ ಕೆನ್ನೆ ತುಂಬಿರುತ್ತಿತ್ತು; ತಿಂಗಳು ತುಂಬುವುದರೊಳಗೆ ಇಳಿದುಹೋಗುತ್ತಿತ್ತು. ನಮ್ಮ ಊರ ನೀರು ಅವಳಿಗೆ ಒಗ್ಗುವುದಿಲ್ಲ ಎಂದು ನಾನೇ ತೀರ್ಪು ಕೊಟ್ಟಿದ್ದೆ. ಎರಡು ಸಲ ಬಸುರಾದಳು. ಆಗ ನಾನು ಒಂದು ತುತ್ತನ್ನಾದರೂ ಅವಳ ಕಡೆ ಸರಿಸಿದ್ದೆನೇ? ಎಷ್ಟು ಜಗ್ಗಿದರೂ ನೆನಪಾಗಲಿಲ್ಲ. ನೆನಪಾಗದ್ದಕ್ಕೆ ಅರ್ಥ ಒಂದೇ.

ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಂತೆ ನಾನು ಬಾಯಿ ತೆರೆದು ಮಾತಾಡುತ್ತ ಅವಳ ರೊಟ್ಟಿ ತಿಂದಿದ್ದೆ. ಒಂದು ದಿನವಲ್ಲ, ಮೂವತ್ತು ವರ್ಷದ ಮೇಲೆ. ನನಗೆ ನನ್ನ ಮೇಲೆ ಹೇಸಿಕೆ ಬಂತು. ಆ ಖೋಲಿಯಲ್ಲಿ ಅದನ್ನು ಹೇಳಿಕೊಳ್ಳಲು ಯಾರೂ ಇರಲಿಲ್ಲ. ಹೇಳಿಕೊಳ್ಳುವುದೆಲ್ಲವನ್ನೂ ನಾನು ಇಷ್ಟು ವರ್ಷ ಹೇಳಿಕೊಂಡಿದ್ದು ಅವಳಿಗೇ, ಅದೂ ಅವಳನ್ನು ಹಸಿದಿಟ್ಟುಕೊಂಡು.

ಉಳಿದ ನಾಲ್ಕು ದಿನ ಮೊದಲಿನ ಹತ್ತಕ್ಕಿಂತ ಉದ್ದವಾದವು. ಕಿಂಡಿಯಿಂದ ಬೆಳಗು ಬೈಗು ರೊಟ್ಟಿ ಬಡಿಯುವ ಸದ್ದು ಕೇಳುತ್ತಿತ್ತು. ಅವಳ ಕೈಯ ಪೆಟ್ಟು ನನಗೆ ಗೊತ್ತು, ಮೆಲ್ಲಗೆ, ಒಂದೇ ಸಮ. ಎದ್ದು ಹೋಗಿ ಗೋಡೆಗೆ ಕಿವಿಯಿಟ್ಟು ನಿಲ್ಲುತ್ತಿದ್ದೆ. ಕೂಗಿ ಕ್ಷಮೆ ಕೇಳಬೇಕು ಎನಿಸುತ್ತಿತ್ತು, ಕೂಗಿದರೆ ಅವಳು ಉತ್ತರ ಕೊಡಲು ಹೋಗಿ ಕೆಮ್ಮುವಳು. ಸುಧಾರಾಣಿಯ ಕೈಯಲ್ಲಿ ಹೇಳಿಕಳಿಸುವ ಮಾತೂ ಅದಾಗಿರಲಿಲ್ಲ. ಹೊರಗೆ ಹೋದ ದಿನ ಬುಟ್ಟಿಯಿಂದ ಆರು ರೊಟ್ಟಿ ತೆಗೆಯುತ್ತೇನೆ, ಮೂರು ಅವಳಿಗೆ, ಮೂರು ನನಗೆ, ಅದೇ ಗಂಗಾಳದಲ್ಲಿ, ಎಂದು ಗಟ್ಟಿ ಮಾಡಿಕೊಂಡು ದಿನ ನೂಕಿದೆ.

ಹದಿನೈದನೇ ದಿನ ಸುನಿತಾ ಬಂದು "ಇನ್ನ ಹೊರಗ ಬರ್ರಿ, ಎಲ್ಲಾರ ಕೂಡ ಇರ್ರಿ, ಏನೂ ಅಂಜಿಕಿಲ್ಲ" ಎಂದಳು. ಮಹಾನಂದಾ ಬಚ್ಚಲಲ್ಲಿ ನೀರು ಕಾಯಿಸಿಟ್ಟಿದ್ದಳು. ತಲೆಯ ಮೇಲೆ ನೀರು ಬಿದ್ದು, ಲಿಂಗಪೂಜೆ ಮುಗಿಸಿ ಅಡುಗೆಮನೆಗೆ ಕಾಲಿಟ್ಟಾಗ ಅವಳು ಒಲೆಯ ಮುಂದಿನಿಂದ ಎದ್ದು ನಿಂತಳು. ಸುಧಾರಾಣಿ ಹೇಳಿದ್ದು ಸುಳ್ಳಲ್ಲ. ಕಣ್ಣಿನ ಕೆಳಗಿನ ಗುಳಿ ತುಂಬಿತ್ತು, ಕೆನ್ನೆಗೆ ಬಣ್ಣ ಬಂದಿತ್ತು. ಹದಿನೈದೇ ದಿನದಲ್ಲಿ.

"ಸೊರಗೀಬೇ ಅಕ್ಕಾ," ಎಂದು ಅವಳೇ ಕಣ್ಣೀರು ಹಾಕಿದಳು.

ಗಂಡಸರು ಉಂಡು ಹೊಲಕ್ಕೆ ಹೋದರು. ಸುಧಾರಾಣಿ ಉಂಡು ಕೂಸನ್ನು ಮಲಗಿಸಲು ಹೋದಳು. ಮಹಾನಂದಾ ಗಂಗಾಳ ತಂದಿಟ್ಟಳು. ಹುಣಸೆಹಣ್ಣು ಹಾಕಿ ತಿಕ್ಕಿದ್ದಳು, ಫಳಫಳ ಹೊಳೆಯುತ್ತಿತ್ತು. ಬುಟ್ಟಿಗೆ ಕೈ ಹಾಕಿ ನಾಲ್ಕು ರೊಟ್ಟಿ ತೆಗೆದಳು.

"ಆರು ತಗಿ," ಎಂದೆ.

"ಆರ್ಯಾಕ?"

"ತಗಿ ಅಂದ್ರ ತಗಿ."

ನಕ್ಕು ಇನ್ನೆರಡು ಇಟ್ಟಳು. ಕೂತೆವು. ಅವಳ ಮೊಣಕಾಲು ನನ್ನ ಮೊಣಕಾಲಿಗೆ ತಾಗಿತು. ಹದಿನಾಲ್ಕು ದಿನದ ನನ್ನ ಕನಸೆಲ್ಲ ಅಷ್ಟೇ ಆಗಿತ್ತು. ನಾನು ಮಾತಾಡಬಾರದು, ಮೆಲ್ಲಗೆ ಉಣ್ಣಬೇಕು, ಅವಳ ಕೈ ನೋಡುತ್ತಿರಬೇಕು ಎಂದುಕೊಂಡೆ. ನಾನು ಸುಮ್ಮನಿದ್ದುದು ಅವಳಿಗೆ ಸಹಿಸಲಾಗಲಿಲ್ಲ. "ಮಾತಾಡಬೇ, ಎಷ್ಟ ದಿನಾತು ನಿನ್ನ ದನಿ ಕೇಳಿ" ಎಂದಳು. ಖೋಲಿಯ ಸುದ್ದಿ ಒಂದೆರಡು ಹೇಳಿದೆ. ಕಣ್ಣು ಅವಳ ಕೈ ಮೇಲೇ ಇತ್ತು. ಇಬ್ಬರದೂ ಒಂದೊಂದು ರೊಟ್ಟಿ ಮುಗಿಯಿತು. ಅವಳ ಕೈ ತಾಟಿನ ಅಂಚಿಗೆ ಬಂದು ನಿಂತಿತು.

"ನನಗ ಸಾಕಬೇ ಅಕ್ಕಾ."

"ಮನ್ನಿ ಮೂರೂವರಿ ಉಂಡೀಯಂತ," ಎಂದೆ.

ಅವಳ ಮುಖ ಸಣ್ಣದಾಯಿತು, ಕದ್ದು ಸಿಕ್ಕಿಬಿದ್ದವಳ ಹಾಗೆ. "ಸುಧಾ ಹೇಳಿದಳೇನ? ಅದು... ಒಬ್ಬಾಕೀನ ಇದ್ದೆ ಅಲ್ಲಾ."

"ಎಷ್ಟ ವರ್ಷಾತು?"

"ಏನ?"

"ನಿನ್ನ ರೊಟ್ಟಿ ನಾ ತಿನ್ನಾಕತ್ತು ಎಷ್ಟ ವರ್ಷಾತು ಮಹಾನಂದಾ?"

ಸಿಟ್ಟಿನ ದನಿಯಾಗಿರಲಿಲ್ಲ ಅವಳದು. ದಾರಿ ಕೇಳಿದವರಿಗೆ ದಾರಿ ಹೇಳುವ ಹಾಗೆ ಹೇಳಿದಳು. "ಗೌರೀಶ ಹೊಟ್ಟ್ಯಾಗಿದ್ನಲ್ಲ, ಆವಾಗ. ನೀ ಎರಡ ಜೀವದಾಕಿ. ಅತ್ತಿ ನೋಡಿದ್ರ ನಾಕ ಇಡತಿದ್ರು, ಕೇಳೂ ಹಂಗಿದ್ದಿಲ್ಲ. ಒಂದ ನಿನ್ನ ಕಡೆ ಬಿಟ್ಟೆ."

"ಅಂವಗ ಮೂವತ್ತೊಂದ ವರ್ಷಾತು!"

"ಹೌದು. ನೀ ಸಾಕಂತ ಎಂದೂ ಅನಲಿಲ್ಲ. ಹಂಗ ನಡೀತು."

ಎರಡನೇ ರೊಟ್ಟಿ ಎತ್ತಿ ಅವಳ ಕೈಯಲ್ಲಿ ಇಟ್ಟೆ. "ಉಣ್ಣು" ಎಂದೆ. ನನ್ನ ಮೋರೆ ನೋಡಿ ಅವಳು ಒಂದು ಚೂರು ಮುರಿದು, ಪಲ್ಯ ಹಚ್ಚಿ ಬಾಯಿಗಿಟ್ಟಳು. ಅಗಿದಳು, ಅಗಿದಳು, ನುಂಗಲು ನೀರು ಕುಡಿದಳು. ಇನ್ನೊಂದು ಚೂರು ಮುರಿದು ತಾನು ತಿನ್ನದೆ ಮರೆತವಳಂತೆ ನನ್ನ ಬದಿಗೆ ಇಟ್ಟಳು. ಇಟ್ಟದ್ದು ಅವಳಿಗೇ ಗೊತ್ತಾಗಿರಲಿಲ್ಲ.

"ಹೋಗಂಗಿಲ್ಲಬೇ," ಎಂದಳು, ತಪ್ಪು ಮಾಡಿದವಳಂತೆ. "ನೀ ಮುಂದ ಕುಂತ್ರ ಇದರ ಮ್ಯಾಲ ಇಳಿಯಂಗಿಲ್ಲ. ಕೈಗೇ ರೂಢಿ ಆಗೇತಿ. ಅದನ್ನೇನ ಮನಸಿನ್ಯಾಗ ಇಟ್ಕೋಬ್ಯಾಡ, ನೀ ಉಣ್ಣು."

ನಾನು ಅವಳ ಕೆನ್ನೆ ನೋಡಿದೆ. ಇನ್ನು ಒಂದು ತಿಂಗಳು ನನ್ನ ಎದುರಿಗೆ ಕೂತು ಉಂಡರೆ ಅದು ಇಳಿದುಹೋಗುತ್ತದೆ. ಬೈದರೂ ಇಳಿಯುತ್ತದೆ, ಬೇಡಿಕೊಂಡರೂ ಇಳಿಯುತ್ತದೆ.

ಎದ್ದು ಗೂಟದ ಹತ್ತಿರವಿದ್ದ ಸ್ಟೀಲಿನ ತಾಟು ತೆಗೆದುಕೊಂಡೆ. ಆರರಲ್ಲಿ ಉಳಿದದ್ದರಿಂದ ಎರಡು ರೊಟ್ಟಿ, ಸ್ವಲ್ಪ ಪಲ್ಯ ಹಾಕಿಕೊಂಡೆ. "ಹೇಳೂದ ಮರತಿದ್ದೆ," ಎಂದೆ. "ಊಟಾ ಮಾತ್ರ ಇನ್ನೂ ಬ್ಯಾರೆ ಮಾಡಬೇಕಂತ, ಸುನಿತಾ ಹೇಳ್ಯಾಳ. ನಿನಗ ದಮ್ಮೈತಲ್ಲ."

"ಇನ್ನೂನಾ? ಎಷ್ಟ ದಿನಾ?"

"ಗೊತ್ತಿಲ್ಲ. ಆಕಿ ಹೇಳೂತನಕ."

ಅವಳ ಮುಖ ಬಿದ್ದುಹೋಯಿತು. ಗಂಗಾಳದ ಅಂಚನ್ನು ಹಿಡಿದುಕೊಂಡು ಕುಳಿತ ಅವಳನ್ನು ಅಲ್ಲೇ ಬಿಟ್ಟು, ಹಿತ್ತಲು ಸುತ್ತಿ, ಕಾಳಿನ ಖೋಲಿಗೆ ಬಂದು ಬಾಗಿಲು ಮುಂದೆ ಮಾಡಿದೆ. ಹೊರಸನ್ನು ಇನ್ನೂ ಯಾರೂ ತೆಗೆದಿರಲಿಲ್ಲ. ತಾಟನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತೆ. ನನಗೆ ಅಲ್ಲಿ ಇರುವುದು ಬೇಕಾಗಿರಲಿಲ್ಲ, ಎರಡು ಮೊಳ ಗೋಡೆಯ ಆಚೆಗೆ ಇರುವುದು ಬೇಕಾಗಿತ್ತು. ಅಷ್ಟು ಬೇಕು ಎಂದು ನನಗೆ ಜೀವನದಲ್ಲಿ ಬೇರೆ ಯಾವುದೂ ಅನಿಸಿರಲಿಲ್ಲ.

ಕಿಂಡಿಯಿಂದ ಏನೂ ಕೇಳಿಸಲಿಲ್ಲ. ಅವಳು ಅಳುತ್ತಿದ್ದಾಳೋ ಏನೋ. ಎಮ್ಮೆ ಒಮ್ಮೆ ಕೂಗಿತು. ನನ್ನ ತಾಟಿನ ಪಲ್ಯ ಒಣಗುತ್ತ ಬಂತು.

ಆಮೇಲೆ ಖಡಕ್ ರೊಟ್ಟಿ ಮುರಿದ ಸದ್ದು ಬಂತು. ಸ್ವಲ್ಪ ಬಿಟ್ಟು ಇನ್ನೊಂದು. ನಾನು ಉಸಿರು ಹಿಡಿದು ಕೇಳಿದೆ. ಅವಳು ಮೂರನೆಯದನ್ನು ಮುಗಿಸಿ ಗಂಗಾಳಕ್ಕೆ ನೀರು ಹಾಕುವವರೆಗೆ ನಾನು ನನ್ನ ರೊಟ್ಟಿ ಮುರಿಯಲಿಲ್ಲ. ಸದ್ದು ಕೇಳಿದರೆ ಅವಳ ಕೈ ನಿಲ್ಲುತ್ತಿತ್ತು.